ಗಾಜಿನ ಚೂರು ಮರಳಿಗೆ ಬದಲಾದೀತೆ?

ರಾಜ್ಯದ ಯಾವುದೇ ನಗರದ ಖಾಲಿ ನಿವೇಶನದ ಮೂಲೆಯಲ್ಲಿ ತಪ್ಪದೆ ಕಾಣಸಿಗುವ ವಸ್ತುವೆಂದರೆ ಒಡೆದ ಗಾಜು. ಹಸಿ ಕಸ ಕೆಲವು ದಿನಗಳಲ್ಲಿ ಕೊಳೆತು ಮಣ್ಣಾಗುತ್ತದೆ. ಕಾಗದ, ಕಬ್ಬಿಣ, ಗಟ್ಟಿ ಪ್ಲಾಸ್ಟಿಕ್‌ಗಳನ್ನು ಬೆಳಗಾಗುವ ಮುನ್ನವೇ ಆಯ್ದುಕೊಂಡು ಹೋಗುವವರಿದ್ದಾರೆ. ಒಡೆದ ಬಾಟಲಿ, ಬಿರುಕುಬಿಟ್ಟ ಕಿಟಕಿಯ ಗಾಜು, ಉಪ್ಪಿನಕಾಯಿ ಜಾಡಿಯ ಚೂರುಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅವು ಕೊಳೆಯುವುದಿಲ್ಲ, ಸುಟ್ಟರೆ ಬೂದಿಯಾಗುವುದಿಲ್ಲ. ಪೌರಕಾರ್ಮಿಕರ ಕೈ ಕೊಯ್ದು, ದನಕರುಗಳ ಕಾಲಿಗೆ ಚುಚ್ಚಿ, ಕೊನೆಗೆ ಊರಾಚೆಯ ತಿಪ್ಪೆಯಲ್ಲಿ ತಲೆಮಾರುಗಳ ಕಾಲ ಹಾಗೆಯೇ ಉಳಿಯುತ್ತವೆ.

ಅದೇ ನಗರದ ಮತ್ತೊಂದು ತುದಿಯಲ್ಲಿ ಮನೆ ಕಟ್ಟಿಸುವವರು ಮರಳಿನ ಲಾರಿಗಾಗಿ ಕಾಯುತ್ತಿರುತ್ತಾರೆ. ನದಿ ಮರಳು ಕೈಗೆಟುಕದೆ ಎಂ-ಸ್ಯಾಂಡ್‌ಗೆ ಹೊಂದಿಕೊಂಡು ವರ್ಷಗಳೇ ಕಳೆದಿವೆ. ಈಗ ಅದರ ಬೆಲೆಯೂ ಏರುಮುಖದಲ್ಲಿದೆ. ಹೀಗಿರುವಾಗ, ಮರಳಿನಿಂದಲೇ ಹುಟ್ಟಿದ ಗಾಜನ್ನು ಪುಡಿಮಾಡಿ ಮತ್ತೆ ಮರಳಿನಂತೆಯೇ ಕಾಂಕ್ರೀಟಿಗೆ ಬಳಸಬಾರದೇಕೆ ಎಂಬ ಪ್ರಶ್ನೆ ಸಹಜವಾದದ್ದು. ಕಸದ ಸಮಸ್ಯೆ ಮತ್ತು ಮರಳಿನ ಸಮಸ್ಯೆ ಎರಡಕ್ಕೂ ಒಂದೇ ಮದ್ದು ದೊರೆತಂತಾಗುವುದಿಲ್ಲವೇ ಎಂಬ ಆಸೆಯೂ ಅದರ ಹಿಂದಿದೆ.

ವಿಶ್ವದ ಹಲವೆಡೆ ಈ ಪ್ರಶ್ನೆಗೆ ದಶಕಗಳಿಂದ ಉತ್ತರ ಹುಡುಕಲಾಗುತ್ತಿದೆ. ದೊರೆತಿರುವ ಉತ್ತರ ಆಶಾದಾಯಕವಾಗಿದೆ, ಆದರೆ ಷರತ್ತುಗಳಿಲ್ಲದೆ ಇಲ್ಲ. ಗಾಜನ್ನು ಯಾವ ಗಾತ್ರಕ್ಕೆ ಪುಡಿಮಾಡಬೇಕು, ಎಂತಹ ಕಾಮಗಾರಿಗೆ ಬಳಸಬೇಕು, ಯಾವ ಗಾಜನ್ನು ದೂರವಿಡಬೇಕು ಎಂಬುದನ್ನು ಮರೆತು ಉತ್ಸಾಹ ತೋರಿದರೆ, ಇಂದು ಕಸವೆನಿಸಿದ್ದು ನಾಳೆ ಬಿರುಕುಬಿಟ್ಟ ಕಟ್ಟಡವಾಗಿ ನಮ್ಮೆದುರು ನಿಲ್ಲಬಹುದು.

ಮರಳಿನ ಬರ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿಯನ್ನು ಬಳಸುತ್ತಿದೆ. ನೀರನ್ನು ಬಿಟ್ಟರೆ ಮನುಷ್ಯ ಅತಿ ಹೆಚ್ಚು ಬಳಸುವ ನೈಸರ್ಗಿಕ ಸಂಪನ್ಮೂಲ ಇದೇ. ನದಿಗಳು ಸಾವಿರಾರು ವರ್ಷ ಕಲ್ಲನ್ನು ಸವೆಸಿ ಕೊಡುವ ಮರಳನ್ನು ನಾವು ಒಂದು ಬೇಸಿಗೆಯಲ್ಲಿ ಬರಿದು ಮಾಡುತ್ತಿದ್ದೇವೆ. ಪಾತ್ರ ತಗ್ಗಾಗಿ, ದಂಡೆಯ ಬಾವಿಗಳು ಬತ್ತಿ, ಸೇತುವೆಗಳ ಬುಡ ಸಡಿಲಗೊಂಡ ಮೇಲೆ ಎಚ್ಚೆತ್ತವರು ನಾವು. ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ನೀಡಿದ ಆದೇಶ, ಐದು ಹೆಕ್ಟೇರಿಗಿಂತ ಚಿಕ್ಕದಾದ ಮರಳು ಗಣಿಗಳಿಗೂ ಪರಿಸರ ಅನುಮತಿಯನ್ನು ಕಡ್ಡಾಯಗೊಳಿಸಿತು. ಅಂದಿನಿಂದ ನದಿ ಮರಳಿನ ಪೂರೈಕೆ ಬಿಗಿಯಾಗುತ್ತ ಬಂದಿದ್ದು, ಕಳ್ಳಸಾಗಣೆಯ ಸುದ್ದಿಗಳೂ ಅದರೊಂದಿಗೇ ಬೆಳೆದಿವೆ.

ಕಲ್ಲನ್ನು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಈ ಬಿಕ್ಕಟ್ಟಿಗೆ ಕರ್ನಾಟಕ ಕಂಡುಕೊಂಡ ಪರಿಹಾರ. ಮೊದಮೊದಲು ಮೇಸ್ತ್ರಿಗಳು ಅದನ್ನು ನಂಬಲಿಲ್ಲ. ‘ಗಾರೆ ಹಿಡಿಯುವುದಿಲ್ಲ’ ಎಂಬ ದೂರು ಸಾಮಾನ್ಯವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಅದನ್ನು ಪರೀಕ್ಷಿಸಿ ಯೋಗ್ಯವೆಂದು ಹೇಳಿದ್ದು, ಸರ್ಕಾರಿ ಕಾಮಗಾರಿಗಳಲ್ಲಿ ಅದಕ್ಕೆ ಜಾಗ ದೊರೆತದ್ದು ಪರಿಸ್ಥಿತಿಯನ್ನು ಬದಲಿಸಿದವು. ಹೊಸ ವಸ್ತುವೊಂದು ನಮ್ಮ ಕಟ್ಟಡಗಳೊಳಗೆ ಬರುವ ದಾರಿ ಯಾವುದು ಎಂಬುದಕ್ಕೆ ಇದೊಂದು ಪಾಠ. ಪರೀಕ್ಷೆ, ಮಾನದಂಡ, ದರಪಟ್ಟಿ, ಆನಂತರವೇ ಮಾರುಕಟ್ಟೆ.

ಎಂ-ಸ್ಯಾಂಡ್‌ಗೂ ತನ್ನದೇ ಆದ ಬೆಲೆ ಇದೆ. ನದಿಯನ್ನು ಉಳಿಸಲು ಬೆಟ್ಟವನ್ನು ಸಿಡಿಸಬೇಕಾಗಿದೆ. 2021ರ ಜನವರಿಯಲ್ಲಿ ಶಿವಮೊಗ್ಗ ಸಮೀಪದ ಹುಣಸೋಡು, ಮರು ತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕಲ್ಲು ಗಣಿಗಾರಿಕೆಗೆ ತಂದಿದ್ದ ಸ್ಫೋಟಕಗಳು ಸಿಡಿದು ಹಲವರು ಜೀವ ಕಳೆದುಕೊಂಡದ್ದನ್ನು ರಾಜ್ಯ ಮರೆಯುವಂತಿಲ್ಲ. ಆದ್ದರಿಂದ ಮೂರನೆಯ ದಾರಿಗಾಗಿ ನಡೆದಿರುವ ಹುಡುಕಾಟ ನ್ಯಾಯವಾದುದೇ.

ಲೆಕ್ಕ ಏನು ಹೇಳುತ್ತದೆ?

ಗಾಜು ಆ ಮೂರನೆಯ ದಾರಿಯಾಗಬಲ್ಲದೆ? ಸರಳವಾದ ಒಂದು ಲೆಕ್ಕ ಹಾಕೋಣ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 700 ಕಿಲೋ ಮರಳು ಬೇಕು. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಸುರಕ್ಷಿತವೆಂದು ಕಂಡುಬಂದಿರುವ ಶೇ. 20ರ ಪ್ರಮಾಣದಲ್ಲಿ ಗಾಜಿನ ಮರಳನ್ನು ಬೆರೆಸಿದರೆ 140 ಕಿಲೋ ಗಾಜು ಬೇಕಾಗುತ್ತದೆ. ದೊಡ್ಡ ಬಿಯರ್ ಬಾಟಲಿಯೊಂದರ ತೂಕ 450 ಗ್ರಾಂ ಎಂದಿಟ್ಟುಕೊಂಡರೆ ಇದು 300ಕ್ಕೂ ಹೆಚ್ಚು ಬಾಟಲಿಗಳಿಗೆ ಸಮ. ಸಾವಿರ ಚದರಡಿಯ, ಐದು ಅಂಗುಲ ದಪ್ಪದ ಒಂದು ತಾರಸಿಗೆ ಸುಮಾರು 12 ಘನ ಮೀಟರ್ ಕಾಂಕ್ರೀಟ್ ಬೇಕೆಂದರೆ, ಆ ಒಂದು ತಾರಸಿಯೇ 3,600ಕ್ಕೂ ಹೆಚ್ಚು ಬಾಟಲಿಗಳನ್ನು ನುಂಗುತ್ತದೆ. ಆಗಲೂ ಮರಳಿನಲ್ಲಿ ಐದನೇ ನಾಲ್ಕು ಭಾಗವನ್ನು ನದಿಯಿಂದಲೋ ಬೆಟ್ಟದಿಂದಲೋ ತರಲೇಬೇಕು.

ಒಂದು ಕುಟುಂಬ ತನ್ನ ಜೀವಮಾನದಲ್ಲಿ ಎಸೆಯುವ ಗಾಜು ಅದೇ ಕುಟುಂಬದ ಮನೆಯ ಒಂದು ತಾರಸಿಗೂ ಸಾಲುವುದು ಕಷ್ಟ. ಅಂದ ಮೇಲೆ, ಗಾಜಿನಿಂದ ಮರಳಿನ ಬರ ನೀಗುತ್ತದೆ ಎಂಬ ಘೋಷಣೆಗಳನ್ನು ಎಚ್ಚರಿಕೆಯಿಂದ ಕೇಳಬೇಕು. ಆದರೆ ಇದೇ ಲೆಕ್ಕವನ್ನು ಕಸದ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ನಗರವೊಂದರ ಗಾಜಿನ ತ್ಯಾಜ್ಯವೆಲ್ಲ ಅದೇ ನಗರದ ಕಾಂಕ್ರೀಟ್ ಕಾಮಗಾರಿಗಳ ಚಿಕ್ಕದೊಂದು ಪಾಲಿನಲ್ಲಿ ಕರಗಿಹೋಗಬಲ್ಲದು. ಹೀಗಾಗಿ ಗಾಜಿನ ಕಾಂಕ್ರೀಟನ್ನು ಮರಳು ನೀತಿಯ ಭಾಗವಾಗಿ ನೋಡುವುದಕ್ಕಿಂತ ಕಸ ನಿರ್ವಹಣೆಯ ಭಾಗವಾಗಿ ನೋಡುವುದು ವಾಸ್ತವಕ್ಕೆ ಹತ್ತಿರವಾದುದು.

ಗಾಜಿನ ಗುಣ, ಗಾಜಿನ ದೋಷ

ಬಾಟಲಿ ಮತ್ತು ಕಿಟಕಿಗಳಿಗೆ ಬಳಸುವ ಸಾಮಾನ್ಯ ಗಾಜಿನಲ್ಲಿ ಶೇ. 70ಕ್ಕೂ ಹೆಚ್ಚು ಸಿಲಿಕಾ ಇರುತ್ತದೆ. ಉಳಿದದ್ದು ಬಹುತೇಕ ಸೋಡಾ ಮತ್ತು ಸುಣ್ಣದ ಅಂಶ. ಮರಳಿನಲ್ಲಿರುವುದೂ ಸಿಲಿಕಾ. ಆದರೆ ಮರಳಿನ ಕಣದಲ್ಲಿ ಸಿಲಿಕಾ ಹರಳಿನ ರೂಪದಲ್ಲಿ, ಶಿಸ್ತಾದ ಜೋಡಣೆಯಲ್ಲಿರುತ್ತದೆ. ಕುಲುಮೆಯಲ್ಲಿ ಕರಗಿ ಬೇಗನೆ ತಣಿದ ಗಾಜಿನಲ್ಲಿ ಆ ಜೋಡಣೆ ಇರುವುದಿಲ್ಲ. ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿದ ಈ ಸಿಲಿಕಾ ಕ್ಷಾರದ ಎದುರು ಸುಲಭವಾಗಿ ಸೋಲುತ್ತದೆ. ಗಾಜಿನ ಎಲ್ಲ ಉಪಯೋಗಕ್ಕೂ ಎಲ್ಲ ಅಪಾಯಕ್ಕೂ ಮೂಲ ಇಲ್ಲಿದೆ.

ಗುಣಗಳನ್ನು ಮೊದಲು ನೋಡೋಣ. ಗಾಜು ನೀರನ್ನು ಹೀರುವುದಿಲ್ಲ. ಆದ್ದರಿಂದ ಮಿಶ್ರಣದ ನೀರಿನ ಲೆಕ್ಕ ತಪ್ಪುವುದಿಲ್ಲ. ಗಟ್ಟಿಯಾಗಿರುವುದರಿಂದ ಸವೆತವನ್ನು ತಡೆದುಕೊಳ್ಳುತ್ತದೆ. ತೂಕದಲ್ಲಿಯೂ ಮರಳಿಗೆ ಹೆಚ್ಚು ದೂರವಿಲ್ಲ. ಇನ್ನು ದೋಷಗಳು: ಜಲ್ಲಿಯ ಗಾತ್ರದ ಗಾಜಿನ ತುಂಡುಗಳ ಮೈ ನುಣುಪಾಗಿರುವುದರಿಂದ ಸಿಮೆಂಟ್ ಅವಕ್ಕೆ ಭದ್ರವಾಗಿ ಅಂಟುವುದಿಲ್ಲ, ಕಾಂಕ್ರೀಟಿನ ಬಲ ಕುಗ್ಗುತ್ತದೆ. ಸರಿಯಾಗಿ ತೊಳೆಯದ ತಂಪುಪಾನೀಯದ ಬಾಟಲಿಗಳಲ್ಲಿ ಉಳಿದ ಸಕ್ಕರೆ ಅಂಶ ಸಿಮೆಂಟ್ ಗಟ್ಟಿಯಾಗುವುದನ್ನೇ ತಡಮಾಡುತ್ತದೆ. ಇವೆರಡೂ ನಿವಾರಿಸಬಹುದಾದ ತೊಂದರೆಗಳು. ನಿಜವಾಗಿ ಕಾಡುವ ತೊಂದರೆ ಮೂರನೆಯದು. ಅದು ಕಣ್ಣಿಗೆ ಬೀಳಲು ವರ್ಷಗಳೇ ಬೇಕು.

ಸಿಮೆಂಟ್ ಸ್ವಭಾವತಃ ಕ್ಷಾರೀಯ. ಅದರೊಳಗಿನ ಕ್ಷಾರವು ದುರ್ಬಲ ಸಿಲಿಕಾದೊಡನೆ ಸೇರಿ ಒಂದು ಬಗೆಯ ಅಂಟು ಉಂಟಾಗುತ್ತದೆ. ಈ ಅಂಟು ತೇವವನ್ನು ಹೀರಿ ಉಬ್ಬುತ್ತದೆ. ಗಟ್ಟಿಯಾದ ಕಾಂಕ್ರೀಟಿನ ಒಡಲಲ್ಲಿ ಉಬ್ಬಲು ಜಾಗವಿಲ್ಲದೆ ಒಳಗಿಂದಲೇ ಅದನ್ನು ಸೀಳುತ್ತದೆ. ಕ್ಷಾರ-ಸಿಲಿಕಾ ಕ್ರಿಯೆ ಎಂದು ಕರೆಯಲಾಗುವ ಇದನ್ನು ಮೊದಲು ಗುರುತಿಸಿ 1940ರಲ್ಲಿ ಪ್ರಕಟಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಹೆದ್ದಾರಿ ವಿಭಾಗದ ಎಂಜಿನಿಯರ್ ಥಾಮಸ್ ಸ್ಟ್ಯಾಂಟನ್. ಗಾಜನ್ನು ಬಳಸದ, ಕೇವಲ ನೈಸರ್ಗಿಕ ಕಲ್ಲಿನಿಂದ ಕಟ್ಟಿದ ರಚನೆಗಳಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಒಡಿಶಾದ ಹಿರಾಕುಡ್ ಮತ್ತು ಉತ್ತರ ಪ್ರದೇಶದ ರಿಹಂದ್ ಅಣೆಕಟ್ಟೆಗಳು ಈ ಕಾಯಿಲೆಗೆ ತುತ್ತಾದವು. ಕೆನಡಾದ ಮ್ಯಾಕ್ಟಾಕ್ವಾಕ್ ಅಣೆಕಟ್ಟೆ 1968ರಲ್ಲಿ ನೂರು ವರ್ಷ ಬಾಳಲೆಂದು ಕಟ್ಟಿದ್ದು. ಇದೇ ಊತದಿಂದಾಗಿ ಅದರ ಆಯುಷ್ಯ ಹಲವು ದಶಕ ಮೊದಲೇ ಮುಗಿಯುವ ಸ್ಥಿತಿ ಬಂದು, ಅದನ್ನು ಉಳಿಸಿಕೊಳ್ಳಲು ಭಾರೀ ವೆಚ್ಚದ ಯೋಜನೆಯನ್ನು ಕೈಗೊಳ್ಳಬೇಕಾಯಿತು. ನೈಸರ್ಗಿಕ ಕಲ್ಲೇ ಹೀಗೆ ಮಾಡಬಲ್ಲದಾದರೆ, ದುರ್ಬಲ ಸಿಲಿಕಾದ ಜೊತೆಗೆ ಸೋಡಾ ಕ್ಷಾರವನ್ನೂ ಹೊತ್ತಿರುವ ಗಾಜಿನ ಬಗ್ಗೆ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು.

28 ದಿನಗಳ ಪರೀಕ್ಷೆ ಸಾಲದು

ಇಲ್ಲಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿಚಾರ ಬರುತ್ತದೆ. ಕಾಂಕ್ರೀಟಿನಲ್ಲಿ ತ್ಯಾಜ್ಯ ಗಾಜು ಎಂಬುದು ಸಿವಿಲ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಪ್ರಾಜೆಕ್ಟ್‌ಗಳಲ್ಲಿ ಒಂದು. ವಿಧಾನ ಬಹುಮಟ್ಟಿಗೆ ಒಂದೇ. ಬೇರೆ ಬೇರೆ ಪ್ರಮಾಣದಲ್ಲಿ ಗಾಜು ಬೆರೆಸಿದ ಕಾಂಕ್ರೀಟ್ ಘನಗಳನ್ನು ಎರಕ ಹೊಯ್ದು, ನೀರಿನಲ್ಲಿಟ್ಟು, 7 ಮತ್ತು 28 ದಿನಗಳ ನಂತರ ಯಂತ್ರದಲ್ಲಿ ಒತ್ತಿ ಒಡೆಯುವುದು. ಶೇ. 20ರವರೆಗೆ ಬಲ ಕುಗ್ಗಲಿಲ್ಲ, ಕೆಲವೊಮ್ಮೆ ತುಸು ಹೆಚ್ಚಿತು ಎಂಬ ಫಲಿತಾಂಶ ಬರುತ್ತದೆ. ಮನೆ ಕಟ್ಟಲು ಯೋಗ್ಯ ಎಂಬ ತೀರ್ಮಾನವೂ ಕೆಲವೊಮ್ಮೆ ಅದರ ಹಿಂದೆಯೇ ಬಂದುಬಿಡುತ್ತದೆ.

ವಿದ್ಯಾರ್ಥಿಗಳ ಶ್ರಮವನ್ನು ಕಡೆಗಣಿಸಬೇಕಿಲ್ಲ. ಆದರೆ ಕ್ಷಾರ-ಸಿಲಿಕಾ ಕ್ರಿಯೆ 28 ದಿನಗಳಲ್ಲಿ ಮುಖ ತೋರಿಸುವ ಕಾಯಿಲೆಯಲ್ಲ. ತೇವ ಎಷ್ಟಿದೆ, ಸಿಮೆಂಟಿನಲ್ಲಿ ಕ್ಷಾರ ಎಷ್ಟಿದೆ ಎಂಬುದರ ಮೇಲೆ ಅದು ಐದೋ, ಹತ್ತೋ, ಇಪ್ಪತ್ತೋ ವರ್ಷಗಳಲ್ಲಿ ಹೊರಬೀಳುತ್ತದೆ. ಅದನ್ನು ಮುಂಚಿತವಾಗಿ ಅಳೆಯುವ ಪರೀಕ್ಷೆಗಳಿಲ್ಲದೆ ಇಲ್ಲ. ಗಾರೆಯ ತೆಳುವಾದ ಪಟ್ಟಿಗಳನ್ನು 80 ಡಿಗ್ರಿ ಸೆಲ್ಸಿಯಸ್ ಬಿಸಿಯ ಕ್ಷಾರ ದ್ರಾವಣದಲ್ಲಿ ಎರಡು ವಾರ ಮುಳುಗಿಸಿಟ್ಟು ಎಷ್ಟು ಹಿಗ್ಗಿದವು ಎಂದು ನೋಡುವ ವಿಧಾನ ವಿಶ್ವದೆಲ್ಲೆಡೆ ಬಳಕೆಯಲ್ಲಿದೆ. ಹಿಗ್ಗುವಿಕೆ ಶೇ. 0.10ರ ಒಳಗಿದ್ದರೆ ನಿರಪಾಯ, ಶೇ. 0.20 ದಾಟಿದರೆ ಅಪಾಯ ಎಂಬುದು ಅದರ ಸ್ಥೂಲ ಅಳತೆ. ನಮ್ಮ ಐಎಸ್ 2386 ಮಾನದಂಡದ ಏಳನೇ ಭಾಗ 1963ರಷ್ಟು ಹಿಂದೆಯೇ ಇಂತಹ ಪರೀಕ್ಷೆಗಳಿಗಾಗಿ ರೂಪುಗೊಂಡಿತು. ಗಾಜಿನ ಕಾಂಕ್ರೀಟ್ ಕುರಿತ ಯಾವುದೇ ಹೇಳಿಕೆಯನ್ನು ಓದುವಾಗ ಹಿಗ್ಗುವಿಕೆಯ ಅಂಕಿ ಎಲ್ಲಿ ಎಂದು ಕೇಳುವುದು ಓದುಗರ ಹಕ್ಕು. ಬಲದ ಅಂಕಿ ಅರ್ಧ ಉತ್ತರವಷ್ಟೇ.

ಪುಡಿಯಾದಷ್ಟೂ ಗುಣ

ಈ ಸಮಸ್ಯೆಗೆ ಅನಿರೀಕ್ಷಿತ ತಿರುವು ಕೊಟ್ಟದ್ದು 1990ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊ. ಕ್ರಿಶ್ಚಿಯನ್ ಮೇಯರ್ ಮತ್ತು ಸಂಗಡಿಗರು ನಡೆಸಿದ ಸಂಶೋಧನೆ. ಗಾಜಿನ ಕಣ ಚಿಕ್ಕದಾದಂತೆ ಅದರ ಹೊರಮೈ ಹೆಚ್ಚುತ್ತದೆ, ಆದ್ದರಿಂದ ಅಪಾಯವೂ ಹೆಚ್ಚಬೇಕು ಎಂಬುದು ಸಾಮಾನ್ಯ ತರ್ಕ. ಫಲಿತಾಂಶ ಹಾಗೆ ಬರಲಿಲ್ಲ. ಬಣ್ಣವಿಲ್ಲದ ಗಾಜಿನ ಕಣ ಸುಮಾರು 1.18 ಮಿ.ಮೀ. ಗಾತ್ರದಲ್ಲಿದ್ದಾಗ ಹಿಗ್ಗುವಿಕೆ ಅತ್ಯಧಿಕವಾಗಿತ್ತು. ಅದಕ್ಕಿಂತ ನುಣುಪಾದಂತೆಲ್ಲ ಇಳಿಯುತ್ತ ಹೋಗಿ, 0.3 ಮಿ.ಮೀ.ಗಿಂತ ಕೆಳಗೆ ಹಿಗ್ಗುವಿಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂತಾಯಿತು. ಹಸಿರು ಗಾಜು ಬಿಳಿ ಗಾಜಿಗಿಂತ ಕಡಿಮೆ ಹಿಗ್ಗಿತು. ಅದಕ್ಕೆ ಬಣ್ಣ ಕೊಡುವ ಕ್ರೋಮಿಯಂ ಆಕ್ಸೈಡ್ ಇದಕ್ಕೆ ಕಾರಣವಿರಬೇಕೆಂದು ಅವರು ಭಾವಿಸಿದರು.

ಇನ್ನೂ ಮುಂದೆ ಹೋಗಿ ಗಾಜನ್ನು ಸಿಮೆಂಟಿನಷ್ಟೇ ನುಣ್ಣಗೆ ಅರೆದರೆ ಅದರ ಪಾತ್ರವೇ ಬದಲಾಗುತ್ತದೆ. ಆಗ ಅದು ಸಿಮೆಂಟಿನಿಂದ ಹೊರಬರುವ ಸುಣ್ಣದೊಡನೆ ನಿಧಾನವಾಗಿ ಬೆರೆತು ತಾನೇ ಬಂಧಕವಾಗುತ್ತದೆ. ಕನ್ನಡಿಗರಿಗೆ ಈ ತತ್ತ್ವ ಹೊಸದೇನಲ್ಲ. 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆ. ಸುಟ್ಟ ಜೇಡಿಯ ಪುಡಿ ಸುಣ್ಣದೊಂದಿಗೆ ಮಾಡಿದ ಕೆಲಸವನ್ನೇ ಗಾಜಿನ ಪುಡಿ ಇಂದಿನ ಸಿಮೆಂಟಿನೊಂದಿಗೆ ಮಾಡಬಲ್ಲದು. ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿ, ಉಕ್ಕಿನ ಕಾರ್ಖಾನೆಗಳ ಊದುಕುಲುಮೆಯ ಕಿಟ್ಟದ ಪುಡಿ ಕೂಡ ಇದೇ ಗುಂಪಿಗೆ ಸೇರಿದವು. ಗಾಜಿನ ಮರಳನ್ನು ಬಳಸುವಾಗ ಇವುಗಳಲ್ಲೊಂದನ್ನು ಸಿಮೆಂಟಿಗೆ ಬೆರೆಸಿದರೆ ಊತದ ಕಾಯಿಲೆಯನ್ನು ಹತೋಟಿಯಲ್ಲಿಡಬಹುದು ಎಂಬುದು ಸ್ಥಿರಪಟ್ಟ ಸಂಗತಿ. ರಾಯಚೂರಿನ ಹಾರುಬೂದಿ, ತೋರಣಗಲ್ಲಿನ ಕಿಟ್ಟ ಎರಡೂ ರಾಜ್ಯದಲ್ಲಿಯೇ ಇರುವಾಗ ಈ ಮದ್ದಿಗಾಗಿ ದೂರ ಹೋಗಬೇಕಾಗಿಲ್ಲ.

ಲಾಭದ ದೃಷ್ಟಿಯಿಂದಲೂ ಪುಡಿಯದೇ ಮೇಲುಗೈ. ಮರಳು ಅಗ್ಗದ ವಸ್ತು. ಗಾಜನ್ನು ಸಂಗ್ರಹಿಸಿ, ತೊಳೆದು, ಒಡೆದು ಮರಳಿನ ಬೆಲೆಗೆ ಮಾರಿದರೆ ಸಾಗಣೆಯ ವೆಚ್ಚವೂ ಹುಟ್ಟುವುದು ಕಷ್ಟ. ಸಿಮೆಂಟಿನ ಬೆಲೆ ಅದರ ಹಲವು ಪಟ್ಟು. ಮೇಲಾಗಿ ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಉದ್ಯಮದ ಪಾಲು ಸುಮಾರು ಶೇ. 7ರಿಂದ 8 ಎಂಬ ಅಂದಾಜಿದ್ದು, ಉಳಿಸಿದ ಪ್ರತಿ ಚೀಲ ಸಿಮೆಂಟ್ ಹವೆಗೂ ಹಿತ. ಅರೆಯಲು ತಗಲುವ ವಿದ್ಯುತ್ತನ್ನು ಕಳೆದರೂ ಲೆಕ್ಕ ಸರಿದೂಗುತ್ತದೆ. ಅಮೆರಿಕದ ಎಎಸ್‌ಟಿಎಂ ಸಂಸ್ಥೆ 2020ರಲ್ಲಿ ಅರೆದ ಗಾಜಿನ ಪುಡಿಗೆಂದೇ ಸಿ1866 ಎಂಬ ಪ್ರತ್ಯೇಕ ಮಾನದಂಡ ಹೊರಡಿಸಿತು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಶೇರ್‌ಬ್ರೂಕ್ ವಿಶ್ವವಿದ್ಯಾಲಯದ ಸಂಶೋಧನೆಯ ಫಲವಾಗಿ ಗಾಜಿನ ಪುಡಿಯ ಕಾಂಕ್ರೀಟನ್ನು ಮೊದಲು ಪಾದಚಾರಿ ಮಾರ್ಗಗಳಲ್ಲಿ ಪ್ರಯೋಗಿಸಲಾಯಿತು. ಅದರ ನಡತೆಯನ್ನು ಗಮನಿಸಿದ ನಂತರವೇ 2021ರ ಸುಮಾರಿಗೆ ಡಾರ್ವಿನ್ ಸೇತುವೆಗಳನ್ನು ಕಟ್ಟುವಾಗ ಸಿಮೆಂಟಿನ ಶೇ. 10ರಷ್ಟು ಭಾಗಕ್ಕೆ ಬದಲಾಗಿ ಈ ಪುಡಿಯನ್ನು ಬಳಸಲಾಯಿತು. ಸುಮಾರು 70,000 ಬಾಟಲಿಗಳು ಆ ಸೇತುವೆಗಳಲ್ಲಿ ಸೇರಿಹೋದವು. ಸೇತುವೆಗೆ ಬರುವ ಮೊದಲು ಪಾದಚಾರಿ ಮಾರ್ಗದಲ್ಲಿ ಪರೀಕ್ಷೆ ಎಂಬ ಈ ಕ್ರಮ ನಮಗೂ ಅನುಕರಣೀಯ.

ಆರಂಭ ಎಲ್ಲಿಂದ?

ಕಂಬ, ತೊಲೆ, ತಾರಸಿಗಳಂತಹ ಭಾರ ಹೊರುವ ಭಾಗಗಳನ್ನು ಸದ್ಯಕ್ಕೆ ಬದಿಗಿಡುವುದೇ ವಿವೇಕ. ಪಾದಚಾರಿ ಮಾರ್ಗದ ನೆಲಹಾಸು ಬ್ಲಾಕ್, ರಸ್ತೆ ಅಂಚಿನ ಕಲ್ಲು, ಉದ್ಯಾನದ ಕಟ್ಟೆ, ಅಡಿಪಾಯದ ಕೆಳಗಿನ ತೆಳು ಕಾಂಕ್ರೀಟ್ ಹಾಸು ಮುಂತಾದವುಗಳಲ್ಲಿ ಕಬ್ಬಿಣ ಇರುವುದಿಲ್ಲ. ಹತ್ತು ವರ್ಷಗಳ ನಂತರ ಒಂದು ಬ್ಲಾಕ್ ಬಿರುಕುಬಿಟ್ಟರೆ ಅದನ್ನು ಕಿತ್ತು ಬೇರೊಂದನ್ನು ಕೂರಿಸಬಹುದು. ಯಾರ ಜೀವಕ್ಕೂ ಆಪತ್ತಿಲ್ಲ. ಹಾಂಗ್‌ಕಾಂಗ್ ಇದೇ ಹಾದಿ ಹಿಡಿಯಿತು. ಅಲ್ಲಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಸಂಶೋಧಕರು ತ್ಯಾಜ್ಯ ಗಾಜು ಬೆರೆತ ನೆಲಹಾಸು ಬ್ಲಾಕ್‌ಗಳನ್ನು ರೂಪಿಸಿದರು. ಸರ್ಕಾರ ತನ್ನ ಕಾಮಗಾರಿಗಳಲ್ಲಿ ಅವನ್ನು ಬಳಸಿ ಮಾರುಕಟ್ಟೆ ಒದಗಿಸಿತು.

ಎರಡು ಮೀಟರ್ ಅಗಲದ, ಒಂದು ಕಿಲೋಮೀಟರ್ ಉದ್ದದ ಪಾದಚಾರಿ ಮಾರ್ಗಕ್ಕೆ 60 ಮಿ.ಮೀ. ದಪ್ಪದ ಬ್ಲಾಕ್‌ಗಳನ್ನು ಹಾಸಿದರೆ 120 ಘನ ಮೀಟರ್ ಕಾಂಕ್ರೀಟ್ ಬೇಕು. ಈ ಮೊದಲಿನ ಪ್ರಮಾಣದಲ್ಲಿಯೇ ಗಾಜು ಬೆರೆಸಿದರೂ ಸುಮಾರು 17 ಟನ್, ಎಂದರೆ 37,000 ಬಾಟಲಿಗಳಷ್ಟು ಗಾಜು ಅಲ್ಲಿ ಸೇರುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನಂತಹ ನಗರಗಳಲ್ಲಿ ಪ್ರತಿವರ್ಷ ಎಷ್ಟು ಕಿಲೋಮೀಟರ್ ಪಾದಚಾರಿ ಮಾರ್ಗಗಳನ್ನು ಅಗೆದು ಮತ್ತೆ ಹಾಸಲಾಗುತ್ತದೆ ಎಂಬುದನ್ನು ಬಲ್ಲ ನಾಗರಿಕರಿಗೆ ಈ ಲೆಕ್ಕದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಗಾಜೂ ಇದಕ್ಕೆ ಸಲ್ಲದು ಎಂಬುದನ್ನೂ ನೆನಪಿಡಬೇಕು. ಹಳೆಯ ಟಿ.ವಿ. ಕೊಳವೆಗಳ ಗಾಜಿನಲ್ಲಿ ಸೀಸವಿದೆ. ಟ್ಯೂಬ್‌ಲೈಟ್‌ಗಳಲ್ಲಿ ಪಾದರಸವಿದೆ. ಆಸ್ಪತ್ರೆಗಳ ಔಷಧ ಸೀಸೆಗಳು ಜೈವಿಕ ತ್ಯಾಜ್ಯದ ನಿಯಮಕ್ಕೆ ಒಳಪಟ್ಟವು. ವಾಹನಗಳ ಮುಂಗಾಜಿನ ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಇವನ್ನೆಲ್ಲ ಬೇರ್ಪಡಿಸದೆ ಒಂದೇ ಯಂತ್ರಕ್ಕೆ ಸುರಿದರೆ ಕಸವನ್ನು ಕಾಂಕ್ರೀಟಿನೊಳಗೆ ಬಚ್ಚಿಟ್ಟಂತಾಗುತ್ತದೆ.

ಬಾಟಲಿಯ ಮೇಲೆ ಮೊದಲ ಹಕ್ಕು

ಇನ್ನೂ ಒಂದು ಮೂಲಭೂತ ಪ್ರಶ್ನೆ ಇದೆ. ಬಾಟಲಿಯನ್ನು ಒಡೆಯುವುದೇ ಏಕೆ? ಗೋಲಿ ಸೋಡಾದ ಕಾಲದಿಂದಲೂ ನಮ್ಮಲ್ಲಿ ಖಾಲಿ ಬಾಟಲಿಯನ್ನು ಅಂಗಡಿಗೆ ಮರಳಿಸುವ ಪದ್ಧತಿ ಇತ್ತು. ಬಿಯರ್ ಬಾಟಲಿಗಳು ಗುಜರಿ ವ್ಯಾಪಾರಿಗಳ ಮೂಲಕ ತಯಾರಕರಿಗೆ ಹಿಂದಿರುಗಿ, ತೊಳೆದು ಮತ್ತೆ ತುಂಬಲ್ಪಡುವ ವ್ಯವಸ್ಥೆ ಇಂದಿಗೂ ಜೀವಂತವಾಗಿದೆ. ಹೀಗೆ ಹತ್ತಾರು ಬಾರಿ ತಿರುಗಬಲ್ಲ ಬಾಟಲಿಯನ್ನು ಮೊದಲ ಸುತ್ತಿನಲ್ಲಿಯೇ ಪುಡಿಮಾಡುವುದು ದುಂದುಗಾರಿಕೆ. ಮರುತುಂಬಿಸಲಾಗದ ಇಡೀ ಗಾಜಿಗೂ ಕಾಂಕ್ರೀಟಿಗಿಂತ ಉತ್ತಮವಾದ ಗತಿ ಇದೆ. ಗಾಜಿನ ಕಾರ್ಖಾನೆಯ ಕುಲುಮೆಗೆ ಹಾಕುವ ಪ್ರತಿ ಶೇ. 10ರಷ್ಟು ಹಳೆಯ ಗಾಜು ಸುಮಾರು ಶೇ. 2.5ರಿಂದ 3ರಷ್ಟು ಇಂಧನವನ್ನು ಉಳಿಸುತ್ತದೆ. ಗಾಜು ಎಷ್ಟು ಬಾರಿ ಕರಗಿದರೂ ಗುಣ ಕಳೆದುಕೊಳ್ಳುವುದಿಲ್ಲ. ಒಮ್ಮೆ ಕಾಂಕ್ರೀಟಿನೊಳಗೆ ಹೋದದ್ದು ಮಾತ್ರ ಮತ್ತೆ ಗಾಜಾಗಿ ಹೊರಬರಲಾರದು. ಆದ್ದರಿಂದ ಒಡೆದ, ಬಣ್ಣಗಳು ಬೆರೆತ, ಮಣ್ಣು ಮೆತ್ತಿದ, ಕಾರ್ಖಾನೆಗೆ ಸಾಗಿಸಿದರೆ ಗಿಟ್ಟದ ಗಾಜು ಮಾತ್ರ ಕಾಂಕ್ರೀಟಿನ ಪಾಲಾಗಬೇಕು. ದುರದೃಷ್ಟವಶಾತ್ ನಮ್ಮ ತಿಪ್ಪೆಗಳಲ್ಲಿರುವುದು ಬಹುಪಾಲು ಅಂಥದೇ.

ನೆರೆಯ ತಮಿಳುನಾಡು ಈ ದಿಸೆಯಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. ಒಡೆದ ಬಾಟಲಿಗಳಿಂದ ಕಾಡುಪ್ರಾಣಿಗಳ ಕಾಲಿಗೆ ಗಾಯವಾಗುತ್ತಿರುವುದನ್ನು ಗಮನಿಸಿದ ಮದ್ರಾಸ್ ಹೈಕೋರ್ಟಿನ ನಿರ್ದೇಶನದಂತೆ 2022ರಲ್ಲಿ ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚುವರಿ ಪಡೆದು, ಖಾಲಿ ಬಾಟಲಿ ಮರಳಿಸಿದಾಗ ಹಿಂದಿರುಗಿಸತೊಡಗಿದವು. ಬಹುಪಾಲು ಬಾಟಲಿಗಳು ಮರಳಿ ಬಂದವು. ಯೋಜನೆ ಆನಂತರ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಕರ್ನಾಟಕದಲ್ಲಿ ಮದ್ಯದ ಸಗಟು ವಿತರಣೆ 2003ರಿಂದ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಪ್ರತಿ ಬಾಟಲಿಯ ಲೆಕ್ಕವೂ ಸರ್ಕಾರದ ಬಳಿ ಇರುವಾಗ ಇಂತಹ ಠೇವಣಿ ಪದ್ಧತಿ ಇಲ್ಲಿ ಅಸಾಧ್ಯವೆಂದು ಹೇಳಲಾಗದು.

ಹತ್ತು ರೂಪಾಯಿಯ ಆ ಠೇವಣಿ ಮತ್ತೊಂದು ಅನ್ಯಾಯವನ್ನೂ ಸರಿಪಡಿಸಬಲ್ಲದು. ಗುಜರಿಯಲ್ಲಿ ಒಡೆದ ಗಾಜಿಗೆ ಸಿಗುವ ಬೆಲೆ ತೀರಾ ಕಡಿಮೆ; ತೂಕವೋ ಹೆಚ್ಚು, ಅಪಾಯ ಅದಕ್ಕಿಂತಲೂ ಹೆಚ್ಚು. ಬೆಂಗಳೂರಿನ ಒಣಕಸ ಸಂಗ್ರಹ ಕೇಂದ್ರಗಳಲ್ಲಿ ದುಡಿಯುವವರಿಗೆ ಗಾಜು ನಷ್ಟದ ಬಾಬತ್ತು. ಕಸ ಆಯುವವರು ಅದನ್ನು ಬಿಟ್ಟುಹೋಗುವುದು ಅಸಡ್ಡೆಯಿಂದಲ್ಲ. ಅದನ್ನು ಹೊತ್ತರೆ ಹೊಟ್ಟೆ ತುಂಬುವುದಿಲ್ಲ ಎಂಬ ಕಾರಣಕ್ಕೆ. ಗಾಜು ಪುಡಿಮಾಡುವ ಘಟಕಗಳು ಬಂದರೂ ಕೈಗವಸು, ಬೂಟು, ನ್ಯಾಯಯುತ ಖರೀದಿ ದರ ಇಲ್ಲದೆ ಹೋದರೆ ಅವುಗಳ ಬಾಗಿಲಿಗೆ ಕಚ್ಚಾವಸ್ತು ಬರುವುದಿಲ್ಲ.

ನಿಯಮಪುಸ್ತಕದಲ್ಲಿ ಕಾಣದ ಹೆಸರು

ಕಾಂಕ್ರೀಟಿಗೆ ಬಳಸುವ ಜಲ್ಲಿ-ಮರಳಿನ ಕುರಿತ ಐಎಸ್ 383 ಮಾನದಂಡವನ್ನು ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಪರಿಷ್ಕರಿಸಿತು. ಕಬ್ಬಿಣ, ಉಕ್ಕು, ತಾಮ್ರದ ಕಿಟ್ಟ, ಉಷ್ಣವಿದ್ಯುತ್ ಸ್ಥಾವರದ ತಳಬೂದಿ, ಹಳೆಯ ಕಾಂಕ್ರೀಟನ್ನು ಒಡೆದು ಪಡೆದ ಜಲ್ಲಿ ಇವೆಲ್ಲಕ್ಕೂ ಆಗ ಪ್ರವೇಶ ದೊರೆಯಿತು. ಯಾವುದನ್ನು ಎಲ್ಲಿ ಎಷ್ಟು ಬಳಸಬಹುದೆಂಬ ಮಿತಿಯೂ ನಿಗದಿಯಾಯಿತು. ಉದಾಹರಣೆಗೆ, ಹಳೆಯ ಕಾಂಕ್ರೀಟಿನ ಜಲ್ಲಿಯನ್ನು ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಎಂ25 ದರ್ಜೆಯವರೆಗೆ ಮಾತ್ರ, ಶೇ. 20ರ ಮಿತಿಯಲ್ಲಿ ಬಳಸಬಹುದು. ಆ ಪಟ್ಟಿಯಲ್ಲಿ ಗಾಜಿನ ಹೆಸರಿಲ್ಲ. ಮಾನದಂಡದಲ್ಲಿ ಇಲ್ಲದ ವಸ್ತು ಲೋಕೋಪಯೋಗಿ ಇಲಾಖೆಯ ದರಪಟ್ಟಿಗೆ ಬರುವುದಿಲ್ಲ, ದರಪಟ್ಟಿಗೆ ಬಾರದ್ದನ್ನು ಯಾವ ಎಂಜಿನಿಯರೂ ಟೆಂಡರಿನಲ್ಲಿ ಬರೆಯುವುದಿಲ್ಲ. ಲೆಕ್ಕಪರಿಶೋಧನೆಯ ಭಯವಿರುವ ಅಧಿಕಾರಿಯನ್ನು ಇದಕ್ಕಾಗಿ ದೂಷಿಸಲೂ ಆಗದು.

ಕಾಗದ, ಗಾಜು, ಲೋಹದ ಪೊಟ್ಟಣಗಳ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸುವ ಕರಡು ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಪ್ಲಾಸ್ಟಿಕ್ಕಿಗೆ ಅನ್ವಯಿಸಿದ ತತ್ತ್ವವನ್ನು ಗಾಜಿಗೂ ವಿಸ್ತರಿಸುವ ಈ ಚಿಂತನೆ ಸರಿಯಾದ ದಿಕ್ಕಿನದು. ಗಾಜನ್ನು ಸಂಗ್ರಹಿಸುವ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿದೆ.

ರಾಜ್ಯ ಮಾಡಬಹುದಾದದ್ದು ಇದಕ್ಕಿಂತ ಭಿನ್ನ. ಒಂದೆರಡು ನಗರಪಾಲಿಕೆಗಳು ತಮ್ಮ ಕೆಲವು ಪಾದಚಾರಿ ಮಾರ್ಗಗಳನ್ನು ಗಾಜು ಬೆರೆತ ಬ್ಲಾಕ್‌ಗಳಿಗೆ ಮೀಸಲಿಟ್ಟು, ಹಾರುಬೂದಿ ಇಲ್ಲವೆ ಕಿಟ್ಟ ಬೆರೆಸಿದ ಸಿಮೆಂಟನ್ನು ಕಡ್ಡಾಯಗೊಳಿಸಿ, ತಾಂತ್ರಿಕ ಸಂಸ್ಥೆಯೊಂದರ ಉಸ್ತುವಾರಿಯಲ್ಲಿ ಐದು ವರ್ಷ ಗಮನಿಸಲಿ. ಹಿಗ್ಗುವಿಕೆಯ ಪರೀಕ್ಷೆಯ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಲಿ. ಇದಕ್ಕೆ ದೊಡ್ಡ ಮೊತ್ತವೂ ಬೇಡ, ಹೊಸ ಕಾನೂನೂ ಬೇಡ. ಮಾನಕ ಬ್ಯೂರೋದ ಮುಂದಿಡಲು ನಮ್ಮದೇ ಹವೆ, ನಮ್ಮದೇ ಮಳೆ, ನಮ್ಮದೇ ಗಾಜಿನ ಪುರಾವೆ ಅದರಿಂದ ದೊರೆಯುತ್ತದೆ. ಮಲೆನಾಡಿನ ಮತ್ತು ಕರಾವಳಿಯ ತೇವದಲ್ಲಿ ಆ ಬ್ಲಾಕ್‌ಗಳು ಹೇಗೆ ಬಾಳುತ್ತವೆ ಎಂಬುದನ್ನು ನ್ಯೂಯಾರ್ಕಿನ ಪ್ರಯೋಗಾಲಯ ನಮಗೆ ಹೇಳಲಾರದು.

ಅದುವರೆಗೆ ಮನೆ ಕಟ್ಟಿಸುವವರು ‘ಪರಿಸರಸ್ನೇಹಿ ಗಾಜಿನ ಕಾಂಕ್ರೀಟ್’ ಎಂಬ ಮಾತಿಗೆ ಮರುಳಾಗಿ ತಾರಸಿಯ ಮಿಶ್ರಣಕ್ಕೆ ಗಾಜಿನ ಚೂರು ಸುರಿಸುವುದು ಬೇಡ. ಹಾಗೆಯೇ, ಒಡೆದ ಬಾಟಲಿಯನ್ನು ಹಸಿ ಕಸದ ಚೀಲಕ್ಕೆ ಹಾಕುವುದೂ ಬೇಡ. ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು ಬೇರೆಯಾಗಿ ಕೊಟ್ಟರೆ ಕನಿಷ್ಠ ಒಬ್ಬ ಪೌರಕಾರ್ಮಿಕರ ಕೈಯಾದರೂ ಉಳಿಯುತ್ತದೆ. ಮುಂದೆ ಆ ಗಾಜು ಬಾಟಲಿಯಾಗಲಿ, ನೆಲಹಾಸಾಗಲಿ, ಬೇರ್ಪಡಿಸುವ ಈ ಮೊದಲ ಕೆಲಸ ಮನೆಯಲ್ಲಿಯೇ ಆಗದಿದ್ದರೆ ಎರಡೂ ಆಗುವುದಿಲ್ಲ.